ಕಪಾಟಿನ ಬೆನ್ನು ನೋಡಿ, ಬುಡ ನೋಡಿ, ಆಮೇಲೆ ಬಾಗಿಲು

ಪ್ರಶ್ನೆ: ಹುಬ್ಬಳ್ಳಿಯಿಂದ ವರ್ಗವಾಗಿ ಕಾರವಾರದ ಕಾಜುಬಾಗಕ್ಕೆ ಬಂದಿದ್ದೇವೆ. ನೆಲಮಹಡಿಯ ಚಿರೆಕಲ್ಲಿನ ಮನೆ, ಸಮುದ್ರ ಹತ್ತಿರ. ಹುಬ್ಬಳ್ಳಿಯಲ್ಲಿ ಚೆನ್ನಾಗಿಯೇ ಇದ್ದ ಸೈಡ್‌ಬೋರ್ಡ್ (ಊಟದ ಕೋಣೆಯಲ್ಲಿ ಪಾತ್ರೆ ಇಡುವ ಗಿಡ್ಡ ಕಪಾಟು) ಇಲ್ಲಿಯ ಮೊದಲ ಮಳೆಗಾಲಕ್ಕೇ ಬುಡ ಉಬ್ಬಿ, ಬಾಗಿಲು ಕೂರದ ಹಾಗಾಯಿತು. ಹಿಂಬದಿ ತುಂಬ ಬೂಷ್ಟು. ಈಗ ಊಟದ ಮೇಜಿನ ಪಕ್ಕಕ್ಕೆ ಐದು ಅಡಿ ಉದ್ದದ ಹೊಸದು ಬೇಕು. ಪ್ಲೈವುಡ್ಡೋ, ಮರವೋ, ಸ್ಟೀಲೋ? ರೆಡಿಮೇಡ್ ತರಿಸಬೇಕೋ, ಆಚಾರಿಯಿಂದ ಮಾಡಿಸಬೇಕೋ? ಶಿರಸಿಯಲ್ಲಿ ಅತ್ತೆಯವರ ಹಳೆಯ ಸಾಗವಾನಿ ಕಪಾಟಿದೆ, ಒಯ್ಯಿರಿ ಎನ್ನುತ್ತಾರೆ. ಆದರೆ ಅಲ್ಲಲ್ಲಿ ಸಣ್ಣ ತೂತುಗಳಿವೆ, ಕುಟ್ಟೆ ಹಿಡಿದಿರಬಹುದೇನೋ ಎಂಬ ಹೆದರಿಕೆ. ಬಟ್ಟೆಬರೆಗೆ ಅದು ಆದೀತೇ?
— ಓದುಗರೊಬ್ಬರು, ಕಾರವಾರ

ಉತ್ತರ: ಶಿರಸಿಯ ಕಪಾಟನ್ನು ಖಂಡಿತ ತನ್ನಿ. ಕುಟ್ಟೆಗೆ ಏನು ಮಾಡಬೇಕು, ಯಾವಾಗ ತರಬೇಕು ಎಂಬುದನ್ನು ಮುಂದೆ ಹೇಳುತ್ತೇನೆ. ಅಷ್ಟರೊಳಗೆ ಯಾರಿಗೂ ಕೊಟ್ಟುಬಿಡಬೇಡಿ ಎಂದು ಅತ್ತೆಯವರಿಗೆ ಒಂದು ಮಾತು ಹೇಳಿಡಿ.

ಹುಬ್ಬಳ್ಳಿಯಲ್ಲಿ ಬಾಳಿದ್ದು ಇಲ್ಲಿ ಯಾಕೆ ಬಾಳಲಿಲ್ಲ ಎಂಬುದು ಗೊತ್ತಾದರೆ ಹೊಸದನ್ನು ಆರಿಸುವುದು ಅರ್ಧ ಮುಗಿದಂತೆ. ಕಾರವಾರಕ್ಕೆ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮರ, ಪ್ಲೈವುಡ್, ಪುಡಿಹಲಗೆ (ಪಾರ್ಟಿಕಲ್ ಬೋರ್ಡ್) ಎಲ್ಲವೂ ಸುತ್ತಲಿನ ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತವೆ. ಗಾಳಿಯ ಸಾಪೇಕ್ಷ ತೇವಾಂಶ ಶೇ. 65ರ ಹತ್ತಿರ ಇದ್ದಾಗ ಮರದೊಳಗಿನ ನೀರು ಸುಮಾರು ಶೇ. 12ಕ್ಕೆ ನಿಲ್ಲುತ್ತದೆ. ಗಾಳಿ ಶೇ. 90ಕ್ಕೆ ಏರಿ ವಾರಗಟ್ಟಲೆ ಹಾಗೇ ನಿಂತರೆ ಮರದೊಳಗಿನ ನೀರು ಶೇ. 20ರ ಕಡೆಗೆ ಹೋಗುತ್ತದೆ. ಇಲ್ಲಿ ಜುಲೈ ತಿಂಗಳೆಂದರೆ ಅದೇ. ಮಳೆ ಒಂದು ಹನಿಯೂ ಒಳಗೆ ಬೀಳದಿದ್ದರೂ ಕಪಾಟು ನೀರು ಕುಡಿಯುತ್ತಲೇ ಇರುತ್ತದೆ.

ಇದರ ಮೇಲೆ ಉಪ್ಪು. ಕಡಲಗಾಳಿ ತಂದು ಕೂರಿಸುವ ಉಪ್ಪಿನ ಸಣ್ಣ ಪದರ, ಗಾಳಿಯ ತೇವಾಂಶ ಶೇ. 75 ದಾಟಿತೆಂದರೆ ತಾನೇ ನೀರಾಗುತ್ತದೆ. ಕೀಲಿನ ಮೇಲೆ, ಸ್ಕ್ರೂ ತಲೆಯ ಮೇಲೆ ಕೂತ ಉಪ್ಪು ಮಳೆಗಾಲ ಮುಗಿಯುವವರೆಗೂ ಒದ್ದೆಯಾಗಿಯೇ ಇರುತ್ತದೆ. ಕಾಜುಬಾಗದಲ್ಲಿ ತುಕ್ಕು ಬೇಗ ಹಿಡಿಯುವುದು, ಕಡಲಿನಿಂದ ದೂರ ಒಳನಾಡಿನ ಮಲ್ಲಾಪುರದಲ್ಲಿರುವ ಕೈಗಾ ಕಾಲನಿಯಲ್ಲಿ ಅಷ್ಟು ಬೇಗ ಹಿಡಿಯದಿರುವುದು ಇದರಿಂದಲೇ. ಮಳೆ ಅಲ್ಲಿಯೂ ಧಾರಾಳವಾಗಿಯೇ ಇದೆ.

ನಿಮ್ಮ ಹಳೆಯ ಸೈಡ್‌ಬೋರ್ಡ್ ಪಾರ್ಟಿಕಲ್ ಬೋರ್ಡಿನದು ಎಂಬುದು ನೀವು ಬರೆದ ಲಕ್ಷಣದಿಂದಲೇ ಗೊತ್ತಾಗುತ್ತದೆ. ಮರದ ಚೂರುಗಳನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ ಅದು. ಮೇಲಿನ ಲ್ಯಾಮಿನೇಟ್ ನೀರನ್ನು ಒಳಗೆ ಬಿಡುವುದಿಲ್ಲ, ನಿಜ. ಆದರೆ ಬುಡದ ಅಂಚಿಗೆ ಹಲವರು ಅಂಚುಪಟ್ಟಿಯನ್ನೇ ಹಚ್ಚಿರುವುದಿಲ್ಲ, ಕಾಣುವುದಿಲ್ಲವಲ್ಲ ಎಂದು. ದಿನಾ ನೆಲ ಒರೆಸುವ ನೀರು ಅಲ್ಲಿಂದ ಒಳಗೆ ಹೋಗುತ್ತದೆ. ಒಂದು ಸಲ ಚೂರುಗಳು ಉಬ್ಬಿ ಅಂಟು ಬಿಟ್ಟಿತೆಂದರೆ ಬೇಸಿಗೆಯಲ್ಲಿ ಒಣಗಿದರೂ ಹಲಗೆ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಆದ್ದರಿಂದ ಅದರ ರಿಪೇರಿಗೆ ಹಣ ಹಾಕಬೇಡಿ. ಬಾಗಿಲಿನ ಗಾಜು, ಹಿಡಿಕೆ ಚೆನ್ನಾಗಿದ್ದರೆ ಬಿಚ್ಚಿ ಇಟ್ಟುಕೊಳ್ಳಿ, ಹೊಸದಕ್ಕೆ ಬಂದೀತು.

ಅಂಗಡಿಯಲ್ಲಿ ಎಲ್ಲರೂ ಮೊದಲು ಬಾಗಿಲು ನೋಡುತ್ತಾರೆ: ಬಣ್ಣ, ಹೊಳಪು, ಹಿಡಿಕೆ. ಕರಾವಳಿಯಲ್ಲಿ ಕಪಾಟು ಕೆಡುವುದು ಬಾಗಿಲಿನಿಂದ ಅಲ್ಲ, ಬೆನ್ನಿನಿಂದ ಮತ್ತು ಬುಡದಿಂದ. ನೀವು ಕಪಾಟನ್ನು ಗೋಡೆಯಿಂದ ಈಚೆಗೆ ಎಳೆಸಿ ಬೆನ್ನು ನೋಡಿ. ದುಬಾರಿ ಯೂನಿಟ್‌ಗಳಲ್ಲೂ ಎಷ್ಟೋ ಸಲ ಅಲ್ಲಿ 3 ಎಂಎಂನ ತೆಳು ಹಲಗೆ, ಒಂದು ಕಡೆ ಮಾತ್ರ ಬಿಳಿ ಹೊದಿಕೆ, ಗೋಡೆಯ ಕಡೆಗೆ ಬರೀ ಕಂದು ಬಣ್ಣದ ಬೋಳು ಮೈ. ಚಿರೆಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಹೀರಿ ತಣ್ಣಗಾಗಿರುತ್ತದೆ. ಆ ಬೋಳು ಮೈ ಅದರ ತೇವವನ್ನೆಲ್ಲ ಕುಡಿದು ಬೂಷ್ಟು ಬೆಳೆಸುತ್ತದೆ. ನಿಮಗೆ ಆಗಿದ್ದೂ ಇದೇ. ಬೆನ್ನಿಗೆ ಕನಿಷ್ಠ 6 ಎಂಎಂನ ಒಳ್ಳೆಯ ಪ್ಲೈವುಡ್ ಇರಲಿ, ಎರಡೂ ಮೈಗೆ ಲ್ಯಾಮಿನೇಟ್ ಅಥವಾ ಪಾಲಿಶ್ ಆಗಿರಲಿ.

ಬುಡದ ವಿಷಯದಲ್ಲಿ ನನ್ನದು ಹಟವೇ ಎನ್ನಿ. ನೆಲಕ್ಕೆ ಅಂಟಿ ಕೂರುವ ಪೆಟ್ಟಿಗೆಯಂಥ ಸೈಡ್‌ಬೋರ್ಡ್ ಈ ಕಡೆಯ ನೆಲಮಹಡಿ ಮನೆಗೆ ಬೇಡ. ಕಾಲಿನ ಮೇಲೆ ನಿಲ್ಲುವುದೇ ಬೇಕು, ಕಾಲು ಆರು ಇಂಚಿಗೆ ಕಡಿಮೆ ಇರಬಾರದು. ಕೆಳಗೆ ಕಸಬರಿಗೆ ಹೋಗಬೇಕು, ಒರೆಸುವ ಬಟ್ಟೆ ಹೋಗಬೇಕು, ಗಾಳಿ ಆಡಬೇಕು, ಒರಲೆ ಮಣ್ಣಿನ ದಾರಿ ಕಟ್ಟಿದರೆ ಬಗ್ಗಿ ನೋಡಿದಾಗ ಕಾಣಬೇಕು. ಮೊದಲ ಮಳೆ ಬಿದ್ದು ತೇವದ ಗಾಳಿ ಒಳಗೆ ನುಗ್ಗಿದಾಗ ತಣ್ಣಗಿನ ಟೈಲ್ಸ್ ನೆಲ ಬೆವರುತ್ತದಲ್ಲ, ಆ ನೀರು ಕಾಲಿಗೆ ಹತ್ತದಂತೆ ಪ್ರತಿ ಕಾಲಿನ ಕೆಳಗೆ ಪ್ಲಾಸ್ಟಿಕ್ ಅಥವಾ ರಬ್ಬರಿನ ಬಿಲ್ಲೆ ಹಾಕಿಸಿ.

ಇನ್ನು ಪ್ಲೈವುಡ್ಡೋ ಮರವೋ ಎಂಬ ಪ್ರಶ್ನೆ. ಐದು ಅಡಿಯ ಸೈಡ್‌ಬೋರ್ಡಿನ ಮೈಗೆ ನಾನು ಹೇಳುವುದು ಪ್ಲೈವುಡ್, ಕಾಲಿಗೆ ಮತ್ತು ಬಾಗಿಲಿನ ಚೌಕಟ್ಟಿಗೆ ಮರ. ಕಾರಣ ಇಷ್ಟು: ತೇವಕ್ಕೆ ಮರ ಉದ್ದಕ್ಕೆ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಸಾಗವಾನಿಯಂಥ ಸಾಧು ಮರವೂ 18 ಇಂಚು ಅಗಲದ ಅಖಂಡ ಹಲಗೆಯಾದರೆ ಮಾರ್ಚ್‌ನಿಂದ ಜುಲೈ ಒಳಗೆ 5 ಎಂಎಂನಷ್ಟು ಹಿಗ್ಗಬಲ್ಲದು. ಅದನ್ನು ನಾಲ್ಕೂ ಕಡೆ ಸ್ಕ್ರೂ ಹಾಕಿ ಬಿಗಿದರೆ ಸೊಟ್ಟಗಾಗುತ್ತದೆ, ಇಲ್ಲವೇ ಬೇಸಿಗೆಯಲ್ಲಿ ಸೀಳುತ್ತದೆ. ಪ್ಲೈವುಡ್‌ನಲ್ಲಿ ಪದರಗಳು ಒಂದರ ಮೇಲೊಂದು ಅಡ್ಡಡ್ಡ ಕೂತಿರುವುದರಿಂದ ಈ ಹಿಗ್ಗು ಬಹಳ ಕಡಿಮೆ.

ಆದರೆ ಪ್ಲೈವುಡ್ ಎಂದ ತಕ್ಷಣ ಎಲ್ಲವೂ ಒಂದೇ ಅಲ್ಲ. ಹಲಗೆಯ ಮೇಲೆ ಐಎಸ್‌ಐ ಗುರುತು, ಅದರ ಜೊತೆ ನಂಬರು ಇರುತ್ತದೆ. ಐಎಸ್ 303 ಎಂದಿದ್ದರೆ ಸಾಮಾನ್ಯ ಬಳಕೆಯದು. ಅದರಲ್ಲೂ ಎಂಆರ್ ಎಂಬುದು ತೇವವನ್ನು ಸ್ವಲ್ಪ ಮಟ್ಟಿಗೆ ತಡೆಯುವಂಥದ್ದು, ಬಿಡಬ್ಲ್ಯೂಆರ್ ಅದಕ್ಕಿಂತ ಗಟ್ಟಿ. ಐಎಸ್ 710 ಎಂದಿದ್ದರೆ ಮರೈನ್ ಪ್ಲೈ. ಅದರ ಅಂಟು 72 ಗಂಟೆ ಕುದಿಯುವ ನೀರಿನಲ್ಲಿ ಹಾಕಿದರೂ ಬಿಡಬಾರದು ಎಂಬುದು ಮಾನದಂಡ. ಹುಬ್ಬಳ್ಳಿಗೆ ಎಂಆರ್ ಸಾಕು. ಕಾರವಾರಕ್ಕೆ ಬಿಡಬ್ಲ್ಯೂಆರ್‌ಗಿಂತ ಕೆಳಗೆ ಇಳಿಯಬೇಡಿ. ಕೆಳಗಿನ ಹಲಗೆ ಮತ್ತು ಬೆನ್ನಿಗಾದರೂ 710 ಹಾಕಿಸಿ. ಕೈ ಬಿಗಿಯಿದ್ದರೆ ಬಾಗಿಲಿನ ಅಲಂಕಾರದಲ್ಲಿ ಉಳಿಸಿ, ಮೈಯಲ್ಲಿ ಉಳಿಸಬೇಡಿ.

ಗುರುತು ನಿಜವೋ ಸುಳ್ಳೋ ಎಂಬುದನ್ನು ನೀವೇ ನೋಡಬಹುದು. ಐಎಸ್‌ಐ ಗುರುತಿನ ಕೆಳಗೆ ‘ಸಿಎಂ/ಎಲ್’ ಎಂದು ಶುರುವಾಗುವ ಲೈಸೆನ್ಸ್ ನಂಬರು ಇರುತ್ತದೆ. ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಕಂಪನಿ, ಯಾವ ಮಾನದಂಡ, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದು ಬರುತ್ತದೆ. ಅಂಗಡಿಯಲ್ಲಿ ನಿಂತೇ ನೋಡಿ, ಸಂಕೋಚ ಬೇಡ. ಇನ್ನೊಂದು ಪರೀಕ್ಷೆ ಮನೆಯಲ್ಲೇ ಆಗುತ್ತದೆ: ಕತ್ತರಿಸಿ ಉಳಿದ ಮೂರು ಇಂಚಿನ ತುಂಡೊಂದನ್ನು ಕೇಳಿ ತನ್ನಿ. ಹಳೆಯ ಪಾತ್ರೆಯಲ್ಲಿ ನಾಲ್ಕೈದು ಗಂಟೆ ಕುದಿಸಿ, ಆರಿದ ಮೇಲೆ ಅಂಚಿಗೆ ಚಾಕುವಿನ ತುದಿ ಹಾಕಿ ಎಬ್ಬಿಸಿ ನೋಡಿ. ಕಳಪೆ ಅಂಟಿನದಾದರೆ ಪದರಗಳು ಪುಸ್ತಕದ ಹಾಳೆಯಂತೆ ಬಿಚ್ಚಿಕೊಳ್ಳುತ್ತವೆ. ಒಳ್ಳೆಯದಾದರೆ ನಾರು ಹರಿಯುತ್ತದೆಯೇ ಹೊರತು ಅಂಟು ಬಿಡುವುದಿಲ್ಲ. ಇದರಲ್ಲಿ ಪಾಸಾಯಿತೆಂದ ಮಾತ್ರಕ್ಕೆ 710 ಎಂದಲ್ಲ. ಫೇಲಾದರೆ ಮಾತ್ರ ಅದನ್ನು ಮನೆಯೊಳಗೆ ತರಲೇಬೇಡಿ.

ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ, ಬೇಡ. ಎಚ್‌ಡಿಎಚ್‌ಎಂಆರ್ ಎಂದು ಈಗ ಬಹಳ ಕಡೆ ಕೊಡುತ್ತಾರೆ, ಅದೇ ಜಾತಿಯ, ಆದರೆ ಹೆಚ್ಚು ಒತ್ತಾದ, ತೇವ ತಡೆಯುವ ಹಲಗೆ, ಅದು ಎಂಡಿಎಫ್‌ಗಿಂತ ಎಷ್ಟೋ ವಾಸಿ. ಬಾಗಿಲಿಗೆ ಆಗುತ್ತದೆ, ನೀರು ತಾಗುವ ಬುಡಕ್ಕೆ ಬೇಡ. ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ್ದು) ಅಥವಾ ಪಿವಿಸಿ ಬೋರ್ಡಿಗೆ ನೀರಿನ ಹೆದರಿಕೆಯೂ ಇಲ್ಲ, ಒರಲೆಯ ಹೆದರಿಕೆಯೂ ಇಲ್ಲ. ಅಡುಗೆಮನೆಯ ಸಿಂಕಿನ ಕೆಳಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಭಾರಕ್ಕೆ ಬೇಗ ಬಾಗುತ್ತದೆ, ಸ್ಕ್ರೂ ಹಿಡಿತ ಕಡಿಮೆ. ಪಿಂಗಾಣಿ, ಹಿತ್ತಾಳೆ ತುಂಬುವ ಸೈಡ್‌ಬೋರ್ಡಿಗೆ ಅದೊಂದನ್ನೇ ನಂಬಬೇಡಿ.

ಸ್ಟೀಲ್ ಕಪಾಟು ಉಬ್ಬುವುದಿಲ್ಲ, ಕುಟ್ಟೆ ಹಿಡಿಯುವುದಿಲ್ಲ, ಕಾಗದಪತ್ರಕ್ಕೆ ಒಳ್ಳೆಯದು. ವರ್ಗವಾಗಿ ಊರೂರು ತಿರುಗುವವರಿಗೆ, ನಿಮ್ಮಲ್ಲಿ ಸೀಬರ್ಡ್ ನೌಕಾನೆಲೆಯ ಕುಟುಂಬಗಳಿಗೆ ಆಗುವಂತೆ, ಅದೇ ಅನುಕೂಲ. ಬಿಚ್ಚಿ ಜೋಡಿಸುವ ಪಾರ್ಟಿಕಲ್ ಬೋರ್ಡ್ ಎರಡು ಸಲ ಬಿಚ್ಚಿದರೆ ಸ್ಕ್ರೂ ತೂತು ಸಡಿಲವಾಗಿಬಿಡುತ್ತದೆ. ಸ್ಟೀಲಿನಲ್ಲಿ ತುಕ್ಕು ಹುಟ್ಟುವುದು ಕಾಲಿನಲ್ಲಿ, ಕೀಲಿನಲ್ಲಿ, ಬೀಗದ ಸುತ್ತ. ಪೌಡರ್ ಕೋಟಿಂಗ್ ಗೀರಿದ ಕಡೆ ಆಗಿಂದಾಗಲೇ ಬಣ್ಣ ಹಚ್ಚಿ.

ಅಳತೆಗೆ ಬರುತ್ತೇನೆ. ಊಟದ ತಟ್ಟೆ 11 ಇಂಚಿನೊಳಗೆ ಬರುತ್ತದೆ, ದೊಡ್ಡ ಹರಿವಾಣಕ್ಕೆ 14–15 ಇಂಚು ಬೇಕು. ಹೊರಗಿನ ಆಳ 16ರಿಂದ 18 ಇಂಚು ಸಾಕು. ಅದಕ್ಕಿಂತ ಆಳವಾದರೆ ಹಿಂದಿನ ಸಾಲಿನಲ್ಲಿ ಇಟ್ಟಿದ್ದು ಕೈಗೂ ಸಿಗುವುದಿಲ್ಲ, ಗಾಳಿಗೂ ಸಿಗುವುದಿಲ್ಲ, ಬೂಷ್ಟು ಶುರುವಾಗುವುದು ಅಲ್ಲೇ. ಎತ್ತರ 32–34 ಇಂಚು ಇದ್ದರೆ ಮೇಲೆ ಪಾತ್ರೆ ಇಟ್ಟು ಬಡಿಸಲು ಸರಿಹೋಗುತ್ತದೆ.

ಐದು ಅಡಿಗೆ ಒಂದೇ ಉದ್ದದ ಅಡ್ಡಹಲಗೆ ಹಾಕಿಸಬೇಡಿ. ಹಲಗೆಯ ಬಾಗು ಉದ್ದದ ಜೊತೆ ನೇರಲೆಕ್ಕದಲ್ಲಿ ಏರುವುದಿಲ್ಲ. ಅಡಿಗೆ ಇಷ್ಟು ಭಾರ ಎಂದು ಒಂದೇ ಸಮ ಹೇರಿ ಉದ್ದವನ್ನು ಎರಡು ಪಟ್ಟು ಮಾಡಿದರೆ ಬಾಗು ಹದಿನಾರು ಪಟ್ಟಾಗುತ್ತದೆ. ದಪ್ಪ ಹೆಚ್ಚಿಸಿದರೆ ಅಷ್ಟೇ ಜೋರಾಗಿ ಲಾಭವೂ ಇದೆ: 18 ಎಂಎಂ ಬದಲು 25 ಎಂಎಂ ಹಾಕಿದರೆ ಹಲಗೆ ಎರಡೂವರೆ ಪಟ್ಟಿಗಿಂತ ಹೆಚ್ಚು ಬಿಗಿ. ಆದರೆ ಅಷ್ಟು ದಪ್ಪ ಬೇಕಾಗಿಲ್ಲ. ಒಳಗೆ ಎರಡು ನಡುಗೋಡೆ ಕೊಟ್ಟು ಮೂರು ಖಾನೆ ಮಾಡಿಸಿದರೆ ಒಂದೊಂದೂ 20 ಇಂಚಿನೊಳಗೆ ಬರುತ್ತದೆ, 18 ಎಂಎಂ ಪ್ಲೈ ನಿಮ್ಮ ಕಾಲಕ್ಕೆಲ್ಲ ಬಾಗುವುದಿಲ್ಲ. ಅಪ್ಪೆಮಿಡಿ ಭರಣಿಗಳನ್ನು ಮಾತ್ರ ಇದರೊಳಗೆ ಇಡಬೇಡಿ. ಉಪ್ಪುನೀರು ಒಸರಿದರೆ ಹಲಗೆಯೂ ಕೆಡುತ್ತದೆ, ಪಕ್ಕದ ಹಿತ್ತಾಳೆಯೂ ಹಸಿರಾಗುತ್ತದೆ. ಅವಕ್ಕೆ ಅಡುಗೆಮನೆಯ ಕಡಪಾ ಕಲ್ಲಿನ ಹಲಗೆಯೇ ಸರಿ.

ಬಾಗಿಲು ಹೇಗಿರಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೂರೂ ಖಾನೆಗೆ ಬಿಗಿಯಾದ ಬಾಗಿಲು ಬೇಡ. ಹಳೆಯ ಅಡುಗೆಮನೆಗಳ ಜಾಳಿ ಕಪಾಟು ಕರಾವಳಿಗೆ ಹೇಳಿ ಮಾಡಿಸಿದಂಥದ್ದಾಗಿತ್ತು. ಒಂದೆರಡು ಬಾಗಿಲಿಗಾದರೂ ಮರದ ಪಟ್ಟಿಗಳ ಜಾಲಂಧ್ರ ಮಾಡಿಸಿ, ಬೆನ್ನಿನ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ನಾಲ್ಕಾರು ತೂತು ಕೊಡಿಸಿ, ಒಳಗೆ ಸಣ್ಣ ಜಾಳಿ ಹೊಡೆಸಿ. ಬೆತ್ತದ ನೇಯ್ಗೆಯ ಬಾಗಿಲು ನೋಡಲು ಬಹಳ ಚೆಂದ. ಮಳೆಗಾಲದಲ್ಲಿ ಅದಕ್ಕೂ ಬೂಷ್ಟು ಹತ್ತುತ್ತದೆ, ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸುವ ಸಹನೆ ಇದ್ದರೆ ಮಾಡಿಸಿ.

ಕೀಲು, ಸ್ಕ್ರೂ, ಡ್ರಾಯರ್ ಚಾನೆಲ್ ಮೂರೂ ಸ್ಟೇನ್‌ಲೆಸ್ ಸ್ಟೀಲ್ 304 ಆಗಿರಲಿ. ಬರೀ ‘ಎಸ್‌ಎಸ್’ ಎಂದರೆ ಒಪ್ಪಬೇಡಿ, 202 ಎಂಬ ಅಗ್ಗದ ಜಾತಿಗೂ ಅದೇ ಹೆಸರು, ಕಡಲಗಾಳಿಗೆ ಅದು ಬೇಗ ಕೆಂಪಾಗುತ್ತದೆ. ಕೀಲು 304 ಕೊಟ್ಟು ಸ್ಕ್ರೂ ಮಾತ್ರ ಸಾದಾ ಕಬ್ಬಿಣದ್ದು ಹೊಡೆಯುವುದು ಬಹಳ ಕಡೆ ನಡೆಯುತ್ತದೆ, ಎದುರಿಗೆ ನಿಂತು ನೋಡಿ. ಡ್ರಾಯರ್ ಒಂದೆರಡಕ್ಕೆ ಮುಗಿಸಿ. ಕೆಡುವ ಭಾಗ ಕಡಿಮೆಯಿದ್ದಷ್ಟೂ ಒಳ್ಳೆಯದು.

ಇಷ್ಟೆಲ್ಲ ರೆಡಿಮೇಡ್‌ನಲ್ಲಿ ಸಿಕ್ಕರೆ ಧಾರಾಳವಾಗಿ ತನ್ನಿ. ಬೆನ್ನಿನ ಹಲಗೆ ಯಾವುದು, ಎಷ್ಟು ಎಂಎಂ, ಮೈ ಯಾವ ಐಎಸ್ ನಂಬರಿನದು ಎಂದು ಬರಹದಲ್ಲಿ ಕೇಳಿ. ‘ಎಂಜಿನಿಯರ್ಡ್ ವುಡ್’ ಎಂದಷ್ಟೇ ಉತ್ತರ ಬಂದರೆ ಬಿಟ್ಟುಬಿಡಿ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಮನೆಗೆ ಆಚಾರಿಯೇ ಸರಿ. ಕಾಲಿಗೆ, ಚೌಕಟ್ಟಿಗೆ ಸಾಗವಾನಿಯೇ ಆಗಬೇಕೆಂದಿಲ್ಲ. ಹಲಸು, ಹೆಬ್ಬಲಸು, ಹೊನ್ನೆ, ಮತ್ತಿ ಯಾವುದಾದರೂ ಚೆನ್ನಾಗಿ ಒಣಗಿದ್ದರೆ ಬಾಳುತ್ತದೆ. ಕೆಚ್ಚಿನ ಭಾಗವನ್ನೇ ಹಾಕಿಸಿ, ಕುಟ್ಟೆ ಮೊದಲು ಹತ್ತುವುದು ಹೊರಗಿನ ಬಿಳಿ ಭಾಗಕ್ಕೆ. ಹೊಸ ಸಾಗವಾನಿ ಕೊಳ್ಳುವುದಾದರೆ ದಾಂಡೇಲಿಯಂಥ ಅರಣ್ಯ ಇಲಾಖೆಯ ಡಿಪೋದಿಂದ ಬಂದದ್ದಕ್ಕೆ ಬಿಲ್ಲು, ಪಾಸು ಇರುತ್ತದೆ. ಅದನ್ನು ಕೇಳಿ ಪಡೆಯಿರಿ.

ಮಾಡಿಸಿದ್ದನ್ನು ಎಲ್ಲಿ ಇಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಮಳೆ ಹೊಡೆಯುವುದು ನೈರುತ್ಯದಿಂದ. ಪಡುಗೋಡೆ, ತೆಂಕಗೋಡೆ ಹೊರಗೋಡೆಗಳಾಗಿದ್ದರೆ ಅವಕ್ಕೆ ಒರಗಿಸಬೇಡಿ. ಎರಡು ಕೋಣೆಗಳ ನಡುವಿನ ಗೋಡೆ ಇದ್ದರೆ ಅದೇ ಜಾಗ. ಎಲ್ಲಿಟ್ಟರೂ ಗೋಡೆಗೂ ಬೆನ್ನಿಗೂ ನಡುವೆ ಎರಡು ಇಂಚು ಬಿಡಿ.

ಈಗ ಶಿರಸಿಯ ಕಪಾಟು. ತೂತು ಇದ್ದ ಮಾತ್ರಕ್ಕೆ ಹುಳ ಇದೆ ಎಂದಲ್ಲ, ಅದು ಎಂದೋ ಹಾರಿಹೋಗಿರಬಹುದು. ಕಪಾಟಿನ ಕೆಳಗೆ, ಒಳಗಿನ ಹಲಗೆಗಳ ಮೇಲೆ ಕಪ್ಪು ಕಾಗದ ಹಾಸಿ, ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ, ಉದುರಿದ್ದನ್ನು ಗುಡಿಸಿ ಹೊಸ ಕಾಗದ ಹಾಸಿಡಲು ಅತ್ತೆಯವರಿಗೆ ಹೇಳಿ. ಎರಡು ಮೂರು ವಾರದ ಮೇಲೆ ಮತ್ತೆ ಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಹುಳ ಜೀವಂತವಾಗಿದೆ. ತೂತಿನ ಅಂಚು ಕಪ್ಪಾಗಿ, ಪುಡಿಯೇ ಇಲ್ಲದಿದ್ದರೆ ಬಹುಶಃ ಹಳೆಯ ಗಾಯ. ಜೀವಂತವಿದ್ದರೆ ಬೋರರ್ ಮದ್ದನ್ನು ಸಿರಿಂಜಿನಿಂದ ಒಂದೊಂದೇ ತೂತಿಗೆ ಬಿಟ್ಟು, ಕೆಲವು ದಿನ ಗಾಳಿಗೆ ತೆರೆದಿಟ್ಟು, ವಾಸನೆ ಹೋದ ಮೇಲೆ ಮೇಣದಿಂದ ಮುಚ್ಚಿಸಿ. ಮದ್ದಿನ ಡಬ್ಬಿಯ ಮೇಲೆ ಮನೆಯೊಳಗಿನ ಮರದ ಸಾಮಾನಿಗೆ ಎಂದು ಬರೆದಿರಬೇಕು. ಹಿರಿಯರು ಗೇರೆಣ್ಣೆ ಬಳಿಯಿರಿ ಎನ್ನಬಹುದು. ಒರಲೆಗೆ ಅದು ನಮ್ಮ ಕಡೆಯ ಹಳೆಯ ಮದ್ದು, ಆದರೆ ಚರ್ಮ ಸುಡುತ್ತದೆ. ಬಟ್ಟೆ ಇಡುವ ಒಳಮೈಗೆ ಬೇಡವೇ ಬೇಡ.

ಶಿರಸಿಯಲ್ಲೂ ಮಳೆ ಕಡಿಮೆಯೇನಲ್ಲ, ಹಾಗಾಗಿ ತೇವವನ್ನು ಉಂಡು ಉಗುಳಿ ಆ ಮರ ಪಳಗಿದೆ. ಬಾಗಿಲು ನೋಡಿದರೆ ಚೌಕಟ್ಟಿನ ತೋಡಿನೊಳಗೆ ಹಲಗೆ ಅಂಟಿಲ್ಲದೆ ಸಡಿಲವಾಗಿ ಕೂತಿರುತ್ತದೆ, ಹಿಗ್ಗಲು ಕುಗ್ಗಲು ಜಾಗ ಇರಲೆಂದೇ ಹಾಗೆ ಮಾಡುತ್ತಿದ್ದರು. ರಿಪೇರಿಗೆ ಕೊಟ್ಟಾಗ ಆ ಸಂದಿಗೆ ಫೆವಿಕಾಲ್ ತುಂಬಿಸಲು ಬಿಡಬೇಡಿ. ಫೆಬ್ರವರಿ–ಏಪ್ರಿಲ್ ನಡುವೆ ದೇವಿಮನೆ ಘಟ್ಟ ಇಳಿಸಿ, ಹಳೆಯ ಕಂಬಳಿ ಸುತ್ತಿ ತನ್ನಿ, ಪ್ಲಾಸ್ಟಿಕ್ ಸುತ್ತಬೇಡಿ. ಬಂದ ವರ್ಷ ಜುಲೈನಲ್ಲಿ ಬಾಗಿಲು ಬಿಗಿಯಾದರೆ ತಕ್ಷಣ ಆಚಾರಿ ಕರೆದು ಉಜ್ಜಿಸಬೇಡಿ, ಮಾರ್ಚ್‌ನಲ್ಲಿ ಬೆರಳು ತೂರುವಷ್ಟು ಸಂದಿಯಾಗುತ್ತದೆ. ಸಂದಿಗೆ ಮೇಣದಬತ್ತಿ ತಿಕ್ಕಿ ಆ ಒಂದು ಮಳೆಗಾಲ ದಾಟಿಸಿ. ಎತ್ತರದ ಕಪಾಟಾದ್ದರಿಂದ ತಲೆಯ ಭಾಗವನ್ನು ಗೋಡೆಗೆ ಕಟ್ಟಿಸಿ. ಚಿರೆಕಲ್ಲು ಮೆದು, ಸಣ್ಣ ಗುಟ್ಟ (ಸ್ಕ್ರೂ ಕೂರಿಸುವ ಪ್ಲಗ್) ಹಿಡಿಯುವುದಿಲ್ಲ, ಮೂರು ನಾಲ್ಕು ಇಂಚಿನ ಉದ್ದದ್ದು ಬೇಕು.

ಬಟ್ಟೆಗೆ ಅದು ಚೆನ್ನಾಗಿಯೇ ಆಗುತ್ತದೆ. ಅರೆ ಒಣಗಿದ ಬಟ್ಟೆಯನ್ನು ಮಾತ್ರ ಒಳಗೆ ಇಡಬೇಡಿ. ಡಾಂಬರು ಗುಳಿಗೆ ಹುಳಕ್ಕೆ ಮದ್ದು, ತೇವಕ್ಕಲ್ಲ. ರೇಷ್ಮೆ ಸೀರೆಗಳನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ. ಒಳಗಿನ ಗಾಳಿಯನ್ನು ಮೂರು ಡಿಗ್ರಿ ಬೆಚ್ಚಗೆ ಮಾಡಿದರೆ ಶೇ. 90ರ ತೇವಾಂಶ ಶೇ. 75ರ ಹತ್ತಿರ ಇಳಿಯುತ್ತದೆ, ಬೂಷ್ಟು ಅಷ್ಟು ಸುಲಭಕ್ಕೆ ಬೆಳೆಯಲಾರದು. ಕಪಾಟಿನ ಬುಡದಲ್ಲಿ ಹಳೆಯ ಮಾದರಿಯ 15 ವ್ಯಾಟ್ ಬಲ್ಬನ್ನು ಜಾಳಿಯ ಗೂಡಿನೊಳಗೆ, ಬಟ್ಟೆ ತಾಗದಂತೆ ಹಾಕಿಸಿ, ಮನೆಯಲ್ಲಿ ಜನ ಇರುವಾಗ ದಿನಕ್ಕೆ ಕೆಲವು ಗಂಟೆ ಉರಿಸಿ. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ಬಿಸಿ ಬರುವುದಿಲ್ಲ.

ಹೊಸ ಸೈಡ್‌ಬೋರ್ಡಿನ ಕೆಲಸವನ್ನು ಈ ಮಳೆಯಲ್ಲಿ ಶುರು ಮಾಡಬೇಡಿ. ತೇವದ ಗಾಳಿಯಲ್ಲಿ ಹೊಡೆದ ಪಾಲಿಶ್ ಬಿಳಿಚಿಕೊಳ್ಳುತ್ತದೆ. ದೀಪಾವಳಿ ಕಳೆದ ಮೇಲೆ ಮರ ಕೊಯ್ಸಿ, ಡಿಸೆಂಬರ್–ಜನವರಿಯಲ್ಲಿ ಜೋಡಿಸಿ, ಫೆಬ್ರವರಿಯೊಳಗೆ ಪಾಲಿಶ್ ಮುಗಿಸಿ. ಪಾಲಿಶ್ ದಿನ ನೀವೇ ನಿಂತು, ಬುಡ ಮೇಲಾಗಿ ಮಲಗಿಸಲು ಹೇಳಿ, ಕೆಳಮೈಗೂ ಕಾಲಿನ ತುದಿಗೂ ಎರಡು ಕೈ ಹೊಡೆಸಿ. ಬಾಗಿಲ ಸುತ್ತ 2–3 ಎಂಎಂ ಸಂದಿ ಬಿಡಲು ಹೇಳಿ. ಆಚಾರಿ ಒಪ್ಪಿದರೆ ಕೂಲಿಯಲ್ಲಿ ಸ್ವಲ್ಪವನ್ನು ಆಗಸ್ಟ್‌ವರೆಗೆ ಉಳಿಸಿಕೊಳ್ಳಿ. ಮಳೆಗಾಲದಲ್ಲಿ ಒಮ್ಮೆ ಬಂದು ಬಾಗಿಲು, ಕೀಲು ನೋಡಿ ಸರಿಮಾಡಿ ಹೋಗುವ ಮಾತು ಮೊದಲೇ ಆಗಿರಲಿ.